ನಾವೇನು ದ್ವೀಪದಾಗ ಇದೀವಾ?

ಪಕ್ಕದ ಮನೆ ಮಾವ ಬೇಲಿ ಹತ್ತಿರ ಬಂದು ಎರಡು ಸಲ ಕೆಮ್ಮಿದರೆ ಅದು ನನ್ನನ್ನು ಕರೆಯುವ ಕೆಮ್ಮು. ಮೂರನೆಯದೂ ಬಂದರೆ ನಿಜವಾದ ಕೆಮ್ಮು, ಅಂಗಳದಲ್ಲಿ ಹರವಿದ ಮೆಣಸಿನಕಾಯಿ ಘಾಟಿನದು. ಆವತ್ತು ಎರಡಕ್ಕೇ ನಿಂತಿತು. ಬರೆಯೋದು ಬಿಟ್ಟು ಎದ್ದು ಹೋದೆ.

“ಅಳಿಯಾ, ನಮ್ಮೂರಿಗೆ ಏರ್‌ಪೋರ್ಟ್ ಆಗೈತಂತಲ್ಲೋ! ನನಗೊಂದು ಮಾತು ಹೇಳಲಿಲ್ಲ ಯಾರೂ.”

ಕೈಯಲ್ಲಿ ಮೊಮ್ಮಗನ ಫೋನು. ಹುಡುಗ ಬಳ್ಳಾರಿ ಕಾಲೇಜಿನವನು. ಮೋಕದ ಹತ್ತಿರ ಯಾವ ವಿಮಾನ ನಿಲ್ದಾಣ ಐತೆ ಅಂತ ಅದರಲ್ಲಿ ಕೇಳಿದ್ದಾನೆ. ಫೋನು ತೋರಿಸಿದ್ದು ಸುತ್ತ ನೀಲಿ ಸಮುದ್ರ, ನಡುವೆ ಹಸಿರು ಗುಡ್ಡ, ಅಂಚಿಗೊಂದು ರನ್‌ವೇ. ಮಾವ ಕನ್ನಡಕ ಮೇಲೆ ಕೆಳಗೆ ಮಾಡಿ ನೋಡಿದ್ದೇ ನೋಡಿದ್ದು. ಹಗರಿ ಹೊಳೆಗೆ ಇಷ್ಟು ನೀರು ಯಾವಾಗ ಬಂತು ಅನ್ನೋದು ಅವರ ಅನುಮಾನ.

“ಅದು ನಮ್ಮ ಮೋಕ ಅಲ್ಲ ಮಾವ, ಮಾರಿಷಸ್ಸಿನ ಮೋಕ. ಅಲ್ಲೂ ಒಂದು ಊರು, ಒಂದು ಜಿಲ್ಲೆ ಅದೇ ಹೆಸರಿನಲ್ಲಿ ಐತೆ. ಅಲ್ಲಿಯ ಏರ್‌ಪೋರ್ಟು ಆಗ್ನೇಯದ ಕಡಲಂಚಿನ ಪ್ಲೈಸಾನ್ಸ್‌ನಾಗೆ. ಎರಡನೇ ಮಹಾಯುದ್ಧದಾಗೆ ಬ್ರಿಟಿಷ್ ನೌಕಾಪಡೆ ಕಟ್ಟಿಸಿದ್ದು. ಈಗ ಅದಕ್ಕೆ ಶಿವಸಾಗರ ರಾಮಗುಲಾಂ ಹೆಸರು.”

“ಅಂದ್ರ ದ್ವೀಪದೋರಿಗೆ ಐತೆ, ನಮಗಿಲ್ಲ.”

ಒಳಗೆ ಕಾಯಿ ತೊಟ್ಟು ಬಿಡಿಸುತ್ತಾ ಕೂತಿದ್ದ ಅತ್ತೆ ಅಲ್ಲಿಂದಲೇ ಉತ್ತರ ಕೊಟ್ಟರು: “ನಾವೇನು ದ್ವೀಪದಾಗ ಇದೀವಾ, ವಿಮಾನ ಹತ್ತಾಕೆ? ಈ ಕಡೆಗೆ ಆದೋನಿ ಬಸ್ಸೈತೆ, ಆ ಕಡೆಗೆ ಬಳ್ಳಾರಿ ಬಸ್ಸೈತೆ. ಇನ್ನೇನು ಬೇಕು ಈ ವಯಸ್ಸಿಗೆ?”

ಅತ್ತೆ ಕೇಳಿದ್ದು ಸುಮ್ಮನೆ ತೆಗೆದುಹಾಕುವ ಪ್ರಶ್ನೆ ಅಲ್ಲ. ವಿಮಾನ ಯಾರಿಗೆ ಬೇಕು, ಯಾಕೆ ಬೇಕು ಅಂತ ವಿಧಾನಸೌಧದಲ್ಲೂ ಇಷ್ಟು ನೇರವಾಗಿ ಕೇಳಿದವರು ಕಡಿಮೆ. ಆದರೆ ಮಾವನ ಮುಖ ಸಪ್ಪಗಾಗಿತ್ತು. ಅವರು ಮೂವತ್ತು ಚಿಲ್ಲರೆ ವರ್ಷ ಟಪಾಲು ಇಲಾಖೆಯಲ್ಲಿ ದುಡಿದವರು, ಈಗಲೂ ಊರಿಗೆಲ್ಲ ಟಪಾಲಿನ ಮಾವ. ಅವರ ಇಲಾಖೆಯದೇ ಒಂದು ಕಥೆ ನನ್ನ ಹತ್ತಿರ ಇತ್ತು. ಅದನ್ನು ಬಿಚ್ಚಿದೆ.

“ಮಾವ, ದೇಶದಾಗೆ ಟಾಟಾದೋರ ಮೊಟ್ಟಮೊದಲ ಟಪಾಲು ವಿಮಾನ ಹೋತಲ್ಲ, ಅದು ರಾತ್ರಿ ಎಲ್ಲಿ ಮಲಗಿತ್ತು ಗೊತ್ತೇನು?”

“ಎಲ್ಲಿ?”

“ಬಳ್ಳಾರ್ಯಾಗೆ.”

ಮಾವ ಬೇಲಿಯ ಜಾಲಿಕಂಟಿ ಮೇಲೆ ಕೈ ಇಟ್ಟು, ಮುಳ್ಳು ಚುಚ್ಚಿ, ಕೈ ತೆಗೆದರು. “ಸುಳ್ಳು ಹೇಳಬ್ಯಾಡ.”

ಸುಳ್ಳಲ್ಲ. 1932ರ ಅಕ್ಟೋಬರ್ 15. ಇಂಪೀರಿಯಲ್ ಏರ್‌ವೇಸ್ 1929ರಿಂದ ಲಂಡನ್ನಿನ ಟಪಾಲನ್ನು ಕರಾಚಿ ತನಕ ವಿಮಾನದಲ್ಲಿ ತಂದು ಇಳಿಸುತ್ತಿತ್ತು. ಅಲ್ಲಿಂದ ಈಚೆಗೆ ರೈಲು. ಕರಾಚಿಗೆ ಹಾರಿ ಬಂದ ಕಾಗದ ಮದ್ರಾಸಿಗೆ ತೆವಳಿಕೊಂಡು ಹೋಗಬೇಕು. ನೆವಿಲ್ ವಿನ್ಸೆಂಟ್ ಅನ್ನುವ ಒಬ್ಬ ಪೈಲಟ್ಟು, ಮೊದಲು ಬ್ರಿಟಿಷ್ ವಾಯುಪಡೆಯಲ್ಲಿ ಇದ್ದವನು, ಊರೂರಿಗೆ ವಿಮಾನ ತಗೊಂಡು ಹೋಗಿ ಜನರಿಗೆ ಹಾರಾಟ ತೋರಿಸಿ ಹೊಟ್ಟೆ ಹೊರೆದವನು, ಕರಾಚಿಯಿಂದ ಮದ್ರಾಸಿಗೆ ನಾವೇ ಟಪಾಲು ಹಾರಿಸೋಣ ಅನ್ನುವ ಲೆಕ್ಕ ಹಿಡಿದುಕೊಂಡು ಟಾಟಾ ಮನೆತನದ ಹತ್ತಿರ ಬಂದ. ಅಲ್ಲಿ ಜೆ.ಆರ್.ಡಿ. ಟಾಟಾ ಇದ್ದರು, 1929ರ ಫೆಬ್ರವರಿ 10ರಂದು ನಮ್ಮ ದೇಶದಲ್ಲೇ ಮೊದಲ ಪೈಲಟ್ ಲೈಸೆನ್ಸು ಪಡೆದವರು. ಇಬ್ಬರೂ ಸೇರಿ ಮನೆಯ ಹಿರಿಯರನ್ನು ಒಪ್ಪಿಸಿದರು. ಸರ್ಕಾರದಿಂದ ಸಹಾಯಧನ ಇಲ್ಲ. ಟಪಾಲಿನ ತೂಕ ಎಷ್ಟೋ ಅಷ್ಟೇ ದುಡ್ಡು.

“ಅಂದ್ರ ನಮ್ಮ ಹಳ್ಳಿ ಟಪಾಲಿನೋರ ಹಂಗೇ” ಅಂದರು ಮಾವ. ಆ ಮಾತಿನಲ್ಲಿ ಪಿಂಚಣಿಯ ಹಳೆ ನೋವು ಇತ್ತು, ನಾನು ಕೆದಕಲಿಲ್ಲ.

ಆ ದಿನ ಜೆ.ಆರ್.ಡಿ. ಕರಾಚಿಯಿಂದ ಪುಸ್ ಮಾತ್ ಅನ್ನುವ ವಿಮಾನದಲ್ಲಿ ಹೊರಟರು. ಮೂಗಿಗೆ ಒಂದೇ ಎಂಜಿನ್ನು, ತಲೆಮೇಲೆ ರೆಕ್ಕೆ, ಒಳಗೆ ಪೈಲಟ್ ಬಿಟ್ಟರೆ ಇಬ್ಬರು ಕೂರುವಷ್ಟು ಜಾಗ. ರೇಡಿಯೋ ಇಲ್ಲ, ಕೆಳಗಿನಿಂದ ದಾರಿ ಹೇಳುವವರಿಲ್ಲ. ಮಡಿಲಲ್ಲಿ ನಕ್ಷೆ, ಕಿಟಕಿಯಲ್ಲಿ ಕಣ್ಣು. ಅಹಮದಾಬಾದಿನಲ್ಲಿ ಇಳಿದಾಗ ಪೆಟ್ರೋಲು ಬಂದದ್ದು ಎತ್ತಿನಗಾಡಿಯಲ್ಲಿ, ಡಬ್ಬ ಡಬ್ಬವಾಗಿ. ಅದನ್ನು ಹೊಯ್ಯಿಸಿಕೊಂಡು ಮಧ್ಯಾಹ್ನದ ಹೊತ್ತಿಗೆ ಬೊಂಬಾಯಿಯ ಜುಹುದಲ್ಲಿ ಇಳಿದರು.

ಈ ಜುಹು ನೋಡಿ, ಅದೇ ಒಂದು ದ್ವೀಪ. ಈಗ ಹೋದವರಿಗೆ ಸಿನಿಮಾ ನಟರ ಬಂಗಲೆ, ಭೇಲ್‌ಪುರಿ, ಮರಳಲ್ಲಿ ಕುದುರೆ ಸವಾರಿ ಕಾಣುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಸಾಷ್ಟಿ ದ್ವೀಪದ ಪಡುವಣಕ್ಕೆ ಸಮುದ್ರದಲ್ಲಿ ಎದ್ದಿದ್ದ ಉದ್ದನೆಯ ಮರಳದಿಣ್ಣೆ. ಇಳಿತ ಇದ್ದಾಗ ನಡೆದು ದಾಟಬಹುದಿತ್ತು, ಉಬ್ಬರ ಬಂದರೆ ಕಾಯಬೇಕು. 1928ರಲ್ಲಿ ಅಲ್ಲಿ ವಿಮಾನ ಇಳಿಯುವ ಬಯಲು ಮಾಡಿದರು. ನಮ್ಮ ದೇಶದ ಮೊದಲ ನಾಗರಿಕ ವಿಮಾನ ನಿಲ್ದಾಣ ಅಂತ ಲೆಕ್ಕ ಹಿಡಿಯುವುದು ಅದನ್ನೇ. ಬಯಲು ಎಷ್ಟು ತಗ್ಗಿನಲ್ಲಿ ಇತ್ತೆಂದರೆ ಮುಂಗಾರು ಹಿಡಿದರೆ ಸಮುದ್ರ ಯಾವುದು, ರನ್‌ವೇ ಯಾವುದು ತಿಳಿಯದು. ಆಗ ಕಂಪನಿ ಇಡೀ ಪುಣೆಗೆ ಗುಳೆ ಹೋಗುತ್ತಿತ್ತು. ಇಡೀ ಕಂಪನಿ ಅಂದರೆ ಎರಡು ವಿಮಾನ, ಮೂವರು ಪೈಲಟ್, ಮೂವರು ಮೆಕ್ಯಾನಿಕ್. ಪುಣೆಯಲ್ಲಿ ಸಿಕ್ಕಿದ ಜಾಗವೂ ಚೆನ್ನಾಗಿತ್ತು: ಯರವಡಾ ಜೈಲಿನ ಬಗಲ ಬಯಲು.

“ಮಳೆಗಾಲಕ್ಕೆ ಗುಳೆ ಹೋಗೋ ವಿಮಾನ!” ಮಾವನಿಗೆ ಇದು ಬಹಳ ಹಿಡಿಸಿತು. ಗುಳೆ ಅಂದರೆ ಬಳ್ಳಾರಿ ಸೀಮೆಯವರಿಗೆ ವಿವರಿಸಬೇಕಿಲ್ಲ.

ಜುಹುದಲ್ಲಿ ಟಪಾಲು ಚೀಲವನ್ನು ವಿನ್ಸೆಂಟ್ ಕೈಗೆ ಕೊಟ್ಟರು. ಅವನು ಮಧ್ಯಾಹ್ನ ಹೊರಟ, ಇನ್ನೊಂದು ಪುಸ್ ಮಾತಿನಲ್ಲಿ. ಬೊಂಬಾಯಿಯಿಂದ ಬಳ್ಳಾರಿಗೆ ಹಕ್ಕಿಯ ದಾರಿಯಲ್ಲಿ ಸುಮಾರು 600 ಕಿಲೋಮೀಟರು. ಗಂಟೆಗೆ 160ರ ಹತ್ತಿರ ಓಡುವ ವಿಮಾನಕ್ಕೆ ನಾಲ್ಕು ಗಂಟೆ ಬೇಕು. ಅಕ್ಟೋಬರ್ ನಡುವಿನಲ್ಲಿ ನಮ್ಮ ಕಡೆ ಆರರ ಸುಮಾರಿಗೆ ಹೊತ್ತು ಮುಳುಗುತ್ತದೆ. ಲೆಕ್ಕ ನೀವೇ ಹಾಕಿ. ದೀಪ ಇಲ್ಲದ ಬಯಲಿನಲ್ಲಿ ಕತ್ತಲೆಗೆ ಸಿಕ್ಕರೆ ಮುಗಿಯಿತು. ಅದಕ್ಕೇ ದಾರಿಯ ನಡುವೆ ಒಂದು ಮಲಗುವ ಊರು ಬೇಕಾಗಿತ್ತು, ಅದು ಬಳ್ಳಾರಿ. ಮರುದಿನ ಬೆಳಗ್ಗೆ ಎದ್ದು ಇನ್ನೂ 430 ಕಿಲೋಮೀಟರು ಹಾರಿ ಮದ್ರಾಸ್ ಮುಟ್ಟಿದ. ವಾರಕ್ಕೊಂದು ಸಲ ಹೀಗೇ: ಕರಾಚಿ, ಅಹಮದಾಬಾದ್, ಬೊಂಬಾಯಿ, ಬಳ್ಳಾರಿ, ಮದ್ರಾಸು. ಬೆಂಗಳೂರಿನ ಹೆಸರೇ ಇಲ್ಲ!

ಬೆಂಗಳೂರು ಇಲ್ಲ ಅಂದ ತಕ್ಷಣ ಮಾವನ ಎದೆ ಎರಡು ಅಂಗುಲ ಹಿಗ್ಗಿದ್ದನ್ನು ನಾನು ಕಂಡೆ. ಆಗ ಬಳ್ಳಾರಿ ಮದ್ರಾಸು ಪ್ರೆಸಿಡೆನ್ಸಿಗೆ ಸೇರಿತ್ತು, ದಂಡು ಇದ್ದ ಊರು. ಮೈಸೂರಿಗೆ ನಾವು ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ಹಾಗಾಗಿ ಆ ವಿಮಾನ ಬಂದಾಗ ನಾವಿನ್ನೂ ಮದ್ರಾಸಿನವರು.

ಮೊದಲ ವರ್ಷದ ಲೆಕ್ಕವೂ ಇದೆ. 1,60,000 ಮೈಲಿ ಹಾರಾಟ, 155 ಜನ ಪ್ರಯಾಣಿಕರು, ಹತ್ತು ಟನ್ನಿನ ಸುಮಾರಿನ ಟಪಾಲು, 60,000 ರೂಪಾಯಿ ಲಾಭ. ಪ್ರಯಾಣಿಕ ಅಂದರೆ ಚೀಲಗಳ ಪಕ್ಕದಲ್ಲಿ ಮುದುಡಿ ಕೂರುವವನು. ಸೀಟಿಗಿಂತ ಚೀಲಕ್ಕೇ ಮರ್ಯಾದೆ ಜಾಸ್ತಿ. ಇದೇ ಕಂಪನಿ ಟಾಟಾ ಏರ್‌ಲೈನ್ಸ್ ಆಗಿ, 1946ರಲ್ಲಿ ಏರ್ ಇಂಡಿಯಾ ಆಗಿ, 1953ರಲ್ಲಿ ಸರ್ಕಾರದ ಪಾಲಾಗಿ, 2022ರ ಜನವರಿಯಲ್ಲಿ ಮತ್ತೆ ಟಾಟಾ ಮನೆ ಸೇರಿತು. ವಿನ್ಸೆಂಟ್ ಅದನ್ನೆಲ್ಲ ನೋಡಲಿಲ್ಲ. 1942ರಲ್ಲಿ, ಯುದ್ಧದ ನಡುವೆ ಇಂಗ್ಲೆಂಡಿನಿಂದ ವಾಪಸ್ ಬರುವಾಗ ಅವನಿದ್ದ ವಿಮಾನವನ್ನು ಫ್ರಾನ್ಸಿನ ಕರಾವಳಿ ಹತ್ತಿರ ಹೊಡೆದು ಉರುಳಿಸಿದರು. ಜೆ.ಆರ್.ಡಿ. ಹೆಸರು ಶಾಲೆ ಪುಸ್ತಕಕ್ಕೆ ಬಂತು. ಬಳ್ಳಾರಿಗೆ ಬಂದಿಳಿದ ವಿನ್ಸೆಂಟ್ ಹೆಸರನ್ನು ಬಳ್ಳಾರಿಯವರೇ ಕೇಳಿಲ್ಲ, ಇದು ನನಗೆ ಸರಿ ಕಾಣುವುದಿಲ್ಲ.

ಅಷ್ಟರಲ್ಲಿ ಅತ್ತೆ ಬೇಲಿಯ ಸಂದಿಯಿಂದ ಒಂದು ತಟ್ಟೆ ದಾಟಿಸಿದರು. ಮಂಡಕ್ಕಿ ಒಗ್ಗರಣೆ, ಮೇಲೆ ಪುಟಾಣಿ ಹಿಟ್ಟು, ಬಗಲಿಗೆ ಎರಡು ಮಿರ್ಚಿ. ಮಿರ್ಚಿಯ ತೊಟ್ಟು ಹಿಡಿದು ಕಚ್ಚಿದರೆ ಹಿಟ್ಟಿನ ಹೊದಿಕೆ ಒಂದು ಕಡೆ, ಒಳಗಿನ ಕಾಯಿ ಒಂದು ಕಡೆ ಜಾರುತ್ತದೆ. ಬಾಯಿ ಉರಿಯೋ ಹೊತ್ತಿಗೆ ಮಂಡಕ್ಕಿ ಒಂದು ಹಿಡಿ. ತಿನ್ನುವಾಗ ಮಾತು ನಿಂತಿತು. ಮೋಕದಲ್ಲಿ ಯಾವ ವಾದಕ್ಕೂ ಇದಕ್ಕಿಂತ ದೊಡ್ಡ ಮಧ್ಯಂತರ ಇಲ್ಲ.

ಅತ್ತೆ ಮಾತ್ರ ತಮ್ಮ ಪ್ರಶ್ನೆ ಬಿಟ್ಟಿರಲಿಲ್ಲ. “ಆ ಕಾಗದ ಬಳ್ಳಾರಿಗೆ ಬಂತಾ, ಬಳ್ಳಾರಿ ಮ್ಯಾಲೆ ಹೋತಾ?”

ಒಳ್ಳೇ ಕೊಕ್ಕೆ. ಚೀಲದಲ್ಲಿ ಇದ್ದದ್ದು ಹೆಚ್ಚಿನಂಶ ಮದ್ರಾಸಿನ ಕಂಪನಿಗಳ, ಅಧಿಕಾರಿಗಳ ಕಾಗದವೇ. ನಮ್ಮೂರು ಅವರಿಗೆ ರಾತ್ರಿ ಕಳೆಯುವ ಜಾಗ. ಗಟ್ಟಿ ಬಯಲು, ಇಂಧನ, ಒಂದು ಮಂಚ ಸಿಕ್ಕರೆ ಸಾಕು. ಮುಂದೆ ಇನ್ನೂ ದೂರ ಹಾರುವ, ದೊಡ್ಡ ವಿಮಾನ ಬಂದ ಮೇಲೆ ನಡುವೆ ಮಲಗುವ ಅವಶ್ಯಕತೆಯೇ ಹೋಯಿತು. ನಮ್ಮ ಗತ್ತೂ ಹೋಯಿತು. ಬಳ್ಳಾರಿಯವರು ಏನೂ ತಪ್ಪು ಮಾಡಿರಲಿಲ್ಲ, ಎಂಜಿನ್ನು ಚೆನ್ನಾಗಿದ್ದದ್ದೇ ತಪ್ಪು.

ದ್ವೀಪದವರ ಕಥೆ ಹಾಗಲ್ಲ ಅಂತ ಅತ್ತೆಗೆ ಹೇಳಿದೆ. ನಮ್ಮ ಪಡುವಣ ಸಮುದ್ರದಲ್ಲಿ ಲಕ್ಷದ್ವೀಪ ಇದೆಯಲ್ಲ, ಅದರಲ್ಲಿ ಅಗತ್ತಿ ಅನ್ನುವ ದ್ವೀಪ. ಉದ್ದ ಏಳೆಂಟು ಕಿಲೋಮೀಟರು, ಅಗಲ ಎಲ್ಲಿ ಹೆಚ್ಚು ಅಂದರೂ ಒಂದು ಕಿಲೋಮೀಟರಿನ ಆಜುಬಾಜು. ಅದರ ತೆಂಕಣ ತುದಿಯ ಸಪುರ ನೆಲದಲ್ಲಿ 1988ರಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ರನ್‌ವೇ 1,200 ಮೀಟರು ಚಿಲ್ಲರೆ. ಆಚೆ ತುದಿಗೂ ಸಮುದ್ರ, ಈಚೆ ಬದಿಗೂ ಸಮುದ್ರ. ಮೊದಲು ವಾಯುದೂತದ ಪುಟ್ಟ ಡಾರ್ನಿಯರ್, ಈಗ ಎಟಿಆರ್. ಅದಕ್ಕಿಂತ ದೊಡ್ಡದು ಅಲ್ಲಿ ಇಳಿಯಲಾರದು. ಕೊಚ್ಚಿಗೆ ಸುಮಾರು 460 ಕಿಲೋಮೀಟರು. ಹಡಗು ಹತ್ತಿದರೆ ರಾತ್ರಿಯೆಲ್ಲ ನೀರಿನ ಮೇಲೆ. ವಿಮಾನಕ್ಕೆ ಒಂದೂವರೆ ಗಂಟೆ. ಮಳೆಗಾಲದಲ್ಲಿ ಕಡಲು ಕೆರಳಿದರೆ ಹಡಗಿನ ಮಾತು ದೇವರಿಗೆ ಬಿಟ್ಟದ್ದು. ಬೇರೆ ದ್ವೀಪಗಳಲ್ಲಿ ಹೆರಿಗೆ ಕಷ್ಟವಾದರೆ, ಎದೆನೋವು ಬಂದರೆ ಹೆಲಿಕಾಪ್ಟರಿನಲ್ಲಿ ಹೊತ್ತೊಯ್ಯುತ್ತಾರೆ. ಆ ಜನಕ್ಕೆ ವಿಮಾನ ಅಂದರೆ ಬಸ್ಸೂ ಅದೇ, ಆಂಬ್ಯುಲೆನ್ಸೂ ಅದೇ. 2024ರಿಂದ ಬೆಂಗಳೂರಿನಿಂದಲೇ ನೇರ ಅಗತ್ತಿಗೆ ಇಂಡಿಗೋ ಹೋಗತೊಡಗಿತು. ಅದರಲ್ಲಿ ಕೂತವರು ಬಹುಪಾಲು ಫೋಟೋ ಹೊಡೆಯಲು ಹೋಗುವವರು ಅನ್ನುವುದು ಬೇರೆ ಮಾತು.

“ಅವರಿಗೂ ನಮಗೂ ಏನು ಸಂಬಂಧ ಅಳಿಯಾ?”

ಇದೆ ಮಾವ, ಇದೆ. ಲಕ್ಷದ್ವೀಪದ ಉತ್ತರದ ಅಮಿನಿ, ಕಡ್ಮತ್, ಕಿಲ್ತಾನ್, ಚೆಟ್ಲತ್, ಬಿತ್ರ ಇವೆಲ್ಲ ಒಂದು ಕಾಲಕ್ಕೆ ಟಿಪ್ಪು ಸುಲ್ತಾನನ ಕೈಗೆ ಬಂದಿದ್ದವು. 1799ರಲ್ಲಿ ಅವನು ಬಿದ್ದ ಮೇಲೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದವು, 1956ರ ತನಕ ಅಲ್ಲೇ ಇದ್ದವು. ಅಂದರೆ ಮಂಗಳೂರಿನ ಕಲೆಕ್ಟರ್ ಕಚೇರಿಯಲ್ಲಿ ಸಮುದ್ರದಾಚೆಯ ದ್ವೀಪಗಳ ಕಂದಾಯದ ಕಡತವೂ ಇತ್ತು. ಆಗ ಮಂಗಳೂರು, ಬಳ್ಳಾರಿ ಎರಡೂ ಮದ್ರಾಸು ಪ್ರಾಂತ್ಯದ ಜಿಲ್ಲೆಗಳೇ. ಒಂದೇ ಸರ್ಕಾರದ ಕೆಳಗೆ ಅವರೂ ನಾವೂ ಇದ್ದೆವು, ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

ದ್ವೀಪ ನೋಡಬೇಕಾದರೆ ಅಷ್ಟು ದೂರ ಹೋಗಬೇಕಾಗೂ ಇಲ್ಲ ಬಿಡಿ. ಸಿರುಗುಪ್ಪದ ಹತ್ತಿರ ತುಂಗಭದ್ರೆ ಎರಡು ಕವಲಾಗಿ ದೇಶನೂರನ್ನು ನಡುವೆ ಇಟ್ಟುಕೊಂಡು ಹರಿಯುತ್ತಾಳೆ. ಅಲ್ಲಿಯವರು ಯಾರೂ ವಿಮಾನ ಕೇಳಿಲ್ಲ, ಸೇತುವೆ ಕೇಳುವವರು.

“ಮತ್ತೆ ತೋರಣಗಲ್ಲಿನಾಗೆ ಐತಲ್ಲ?” ಮಾವ ಮಿರ್ಚಿಯ ತೊಟ್ಟನ್ನು ಬೇಲಿಯಾಚೆ, ಅಂದರೆ ನನ್ನ ಕಡೆಗೆ, ಎಸೆದು ಕೇಳಿದರು.

ಐತೆ. ಅದು ಉಕ್ಕಿನ ಕಾರ್ಖಾನೆಯವರು ತಮಗಾಗಿ ಮಾಡಿಕೊಂಡ ನಿಲ್ದಾಣ. 2017ರಲ್ಲಿ ಉಡಾನ್ ಯೋಜನೆ ಬಂದಾಗ ಅದು ಸಾರ್ವಜನಿಕರಿಗೂ ತೆರೆಯಿತು. ಆ ಯೋಜನೆಯಲ್ಲಿ ಒಂದು ಗಂಟೆಯ ಹಾರಾಟಕ್ಕೆ ಸುಮಾರು 2,500 ರೂಪಾಯಿ ಅಂತ ಕೆಲವು ಸೀಟಿಗೆ ಮಿತಿ ಹಾಕಿದ್ದರು. ಟ್ರೂಜೆಟ್ ಬಂತು, ಹೈದರಾಬಾದಿಗೂ ಬೆಂಗಳೂರಿಗೂ ಹಾರಿತು. ನಮ್ಮ ಕಡೆಯ ಎಷ್ಟೋ ಜನ ಮೊದಲ ಸಲ ವಿಮಾನ ಹತ್ತಿದ್ದು ಅದರಲ್ಲೇ. 2022ರಲ್ಲಿ ಆ ಕಂಪನಿಯೇ ಹಾರಾಟ ನಿಲ್ಲಿಸಿತು. ಆಮೇಲೆ ಒಬ್ಬರು ಬರುತ್ತಾರೆ, ಒಬ್ಬರು ಹೋಗುತ್ತಾರೆ. ಮೋಕದವನು ಅದನ್ನು ಹಿಡಿಯಬೇಕಾದರೆ ಮೊದಲು ಬಳ್ಳಾರಿ, ಆಮೇಲೆ ಅದಿರು ಲಾರಿಗಳ ಹಿಂದೆ ಹೊಸಪೇಟೆ ರಸ್ತೆ. ಮೂರು ತಾಸು ಮುಂಚೆ ಹೊರಡದಿದ್ದರೆ ವಿಮಾನ ತಲೆಮೇಲೆ ಹಾರಿಹೋಗುವುದನ್ನು ಲಾರಿ ಹಿಂದಿನಿಂದ ನೋಡಬಹುದು.

ಇನ್ನು ಚಾಗನೂರು–ಸಿರಿವಾರದ ಮಾತು. ಅದನ್ನು ಎತ್ತದೆ ಬಳ್ಳಾರಿಯಲ್ಲಿ ಏರ್‌ಪೋರ್ಟಿನ ಹರಟೆ ಮುಗಿಯುವುದಿಲ್ಲ. ಸಿರುಗುಪ್ಪ ರಸ್ತೆಯ ಕಡೆ ಸುಮಾರು 900 ಎಕರೆ ಗುರುತು ಮಾಡಿ ವಿಮಾನ ನಿಲ್ದಾಣ ಕಟ್ಟುತ್ತೇವೆ ಅಂತ ಹೊರಟದ್ದು ಹದಿನೈದು ವರ್ಷದ ಹಿಂದಿನ ಮಾತು. ಅದು ಕಾಲುವೆ ನೀರು ಕುಡಿಯುವ ಜಮೀನು, ವರ್ಷಕ್ಕೆ ಎರಡು ಬೆಳೆ ಕೊಡುವಂಥದ್ದು. ರೈತರು ಬೀದಿಗಿಳಿದರು, ಕೋರ್ಟಿಗೂ ಹೋದರು. ಸರ್ಕಾರಗಳು ಬದಲಾದವು, ಹೇಳಿಕೆಗಳು ಬಂದವು, ವಿಮಾನ ಬರಲಿಲ್ಲ.

ಈ ವಿಷಯ ಬಂದರೆ ಮಾವ ಟಪಾಲಿನವರಾಗಿ ಉಳಿಯುವುದಿಲ್ಲ, ನಾಲ್ಕು ಎಕರೆ ಮೆಣಸಿನಕಾಯಿಯ ರೈತರಾಗುತ್ತಾರೆ. “ಅಲ್ಲಲೇ ಅಳಿಯಾ, ಬರಡು ನೆಲ ಈ ಜಿಲ್ಲೆದಾಗ ಕಡಿಮೆ ಐತೇನು? ಗುಡ್ಡ ಅಗೆದು ಬಿಟ್ಟ ಜಾಗ ಎಷ್ಟು ಬಿದ್ದೈತೆ! ಕಾಲುವೆ ಕೆಳಗಿನ ನೆಲಾನೇ ಯಾಕ ಬೇಕು ಅವರಿಗೆ?”

“ಸಪಾಟ ಐತೆ ಅಂತ ಮಾವ. ವಿಮಾನಕ್ಕೆ ಸಪಾಟ ಬೇಕು.”

“ಭತ್ತಕ್ಕೂ ಸಪಾಟನೇ ಬೇಕು.”

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. 2022ರ ನವೆಂಬರಿನಲ್ಲಿ ಇಲ್ಲೇ ಬೈರದೇವನಹಳ್ಳಿ ಹತ್ತಿರ ಹಗರಿ ಮೇಲಿನ ಎಲ್‌ಎಲ್‌ಸಿ (ತುಂಗಭದ್ರೆಯ ಕೆಳಮಟ್ಟದ ಕಾಲುವೆ) ಮೇಲ್ಗಾಲುವೆಯ ಕಂಬ ಕುಸಿದದ್ದು ನೆನಪಿರಬೇಕು. ನೀರು ನಿಂತಿತು. ಹೂವು, ಕಾಯಿ ಹಿಡಿದ ಗಿಡ ಹೊಲದಲ್ಲಿ ಬಾಯಿ ಬಿಟ್ಟು ನಿಂತಿದ್ದವು. ಮಂತ್ರಿಯಾಗಿದ್ದ ಶ್ರೀರಾಮುಲು ಕೆಲಸ ಮುಗಿಯುವವರೆಗೆ ಏಳುವುದಿಲ್ಲ ಅಂತ ಹೊಳೆ ದಂಡೆಯಲ್ಲೇ ರಾತ್ರಿ ಮಲಗಿದರು. ಆಗ ಊರಿಗೆ ಊರೇ ದಿನಾ ಹೋಗಿ ನೋಡಿ ಬರುತ್ತಿತ್ತು, ಕಂಬ ಎಷ್ಟು ಎದ್ದಿತು, ಇವತ್ತು ನೀರು ಬಿಡುತ್ತಾರಾ ಅಂತ. ಮೋಕದ ಜನ ಆತಂಕದಿಂದ ಆಕಾಶ ನೋಡುವುದು ಮಳೆಗೆ, ಕಾಲುವೆ ನೋಡುವುದು ಬದುಕಿಗೆ. ಅಗತ್ತಿಯವರಿಗೆ ರನ್‌ವೇ ಹೇಗೋ ನಮಗೆ ಆ ಕಾಲುವೆ. ಅದು ಕುಸಿದ ದಿನ ನಾವು ಥೇಟು ದ್ವೀಪದಲ್ಲೇ ಇದ್ದೆವು.

ಹಾಗಂತ ವಿಮಾನ ಬೇಡವೇ ಬೇಡ ಅನ್ನುವ ಹಟ ನನ್ನದಲ್ಲ. ಬೆಂಗಳೂರಿಗೆ ರಾತ್ರಿ ರೈಲಿನಲ್ಲಿ ರೋಗಿಯನ್ನು ಮಲಗಿಸಿಕೊಂಡು ಹೋದವರನ್ನು ಕೇಳಿದರೆ ಒಂದು ತಾಸಿನ ಬೆಲೆ ಗೊತ್ತಾಗುತ್ತದೆ. ಹಂಪಿಗೆ ಬರುವವರು ಹುಬ್ಬಳ್ಳಿಯಲ್ಲೋ ಹೈದರಾಬಾದಿನಲ್ಲೋ ಇಳಿದು ರಸ್ತೆಯಲ್ಲಿ ಅರ್ಧ ದಿನ ಕಳೆಯುತ್ತಾರೆ. ತೋರಣಗಲ್ಲಿನಲ್ಲಿ ಇರುವ ನಿಲ್ದಾಣಕ್ಕೆ ದಿನಾ ತಪ್ಪದೆ ಎರಡು ವಿಮಾನ ಬಂದು, ಬಳ್ಳಾರಿಯಿಂದ ಅದಕ್ಕೆ ಹೊತ್ತಿಗೆ ಸರಿಯಾಗಿ ಬಸ್ಸು ಹೊರಟರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಹೊಸ ನಿಲ್ದಾಣ ಕೇಳುವವರು ಇದನ್ನು ಯಾಕೆ ಮೊದಲು ಕೇಳುವುದಿಲ್ಲವೋ. ಶಂಕುಸ್ಥಾಪನೆಗೆ ಕಲ್ಲು ಬೇಕು, ಬಸ್ಸು ಬಿಡಲು ಕಲ್ಲು ಬೇಡ, ಬಹುಶಃ ಅದಕ್ಕೇ.

ಜುಹುದ ಕಥೆಯೂ ನಿಂತಿಲ್ಲ ಮಾವ, ಅಂದೆ. ಯುದ್ಧ ಮುಗಿದ ಮೇಲೆ ಪ್ರಯಾಣಿಕರ ವಿಮಾನಗಳೆಲ್ಲ ಪಕ್ಕದ ಸಾಂತಾಕ್ರೂಜಿಗೆ ಹೋದವು. ಜುಹು ಈಗ ಹೆಲಿಕಾಪ್ಟರುಗಳ ನೆಲೆ. ಬಾಂಬೆ ಹೈನಲ್ಲಿ ಎಣ್ಣೆ ತೆಗೆಯುವ ಕಟ್ಟೆಗಳಿವೆಯಲ್ಲ, ಅಲ್ಲಿಗೆ ಕೆಲಸಗಾರರನ್ನು ಹೊತ್ತೊಯ್ಯುವುದು ಅಲ್ಲಿಂದಲೇ. ಜೆ.ಆರ್.ಡಿ. 1982ರ ಅಕ್ಟೋಬರ್ 15ರಂದು, ಎಪ್ಪತ್ತೆಂಟರ ವಯಸ್ಸಿನಲ್ಲಿ, ಹಳೆಯ ಕಾಲದ್ದೇ ಒಂದು ಲೆಪರ್ಡ್ ಮಾತಿನಲ್ಲಿ ಕರಾಚಿಯಿಂದ ಮತ್ತೆ ಅದೇ ದಾರಿ ಹಾರಿ ಜುಹುದಲ್ಲಿ ಇಳಿದರು. ಐವತ್ತು ವರ್ಷದ ನೆನಪಿಗೆ.

“ಬಳ್ಳಾರಿಗೆ ಬರಲಿಲ್ಲೇನು?”

“ಜುಹುಕ್ಕೇ ನಿಂತರು. ಮೊದಲ ಸಲವೂ ಅವರು ಹಾರಿಸಿದ್ದು ಅಲ್ಲಿವರೆಗೇ.”

ಮಾವ ಸುಮ್ಮನಾದರು. ಆಮೇಲೆ ಇಲಾಖೆಯ ದನಿಯಲ್ಲಿ ಹೇಳಿದರು: “1911ರಾಗ ಅಲಹಾಬಾದಿನಿಂದ ನೈನಿಗೆ ಹಾರಿಸಿದ್ರಲ್ಲ, ಆರು ಸಾವಿರ ಚಿಲ್ಲರೆ ಕಾಗದ, ಅದಕ್ಕ ಬ್ಯಾರೆ ಮೊಹರೇ ಮಾಡಿಸಿದ್ರು. ಟ್ರೈನಿಂಗಿನಾಗ ನಮಗ ಹೇಳಿದ್ರು. ಇದನ್ನ ಯಾಕ ಹೇಳಲಿಲ್ಲ? ಆ ವಿಮಾನದಾಗ ಬಂದ ಕವರು ಯಾರ ಮನ್ಯಾಗಾದ್ರೂ ಇರಬೇಕಲ್ಲ.”

ಇರಬೇಕು. ವಿಮಾನ ಟಪಾಲಿಗೆ ಅಂಟಿಸುವ ನೀಲಿ ಚೀಟಿ, ಮೇಲೆ ಬೊಂಬಾಯಿಯದೋ ಕರಾಚಿಯದೋ ಮೊಹರು, 1932 ಅಥವಾ ಅದರ ಆಚೀಚೆಯ ತಾರೀಖು. ದಂಡು ಪ್ರದೇಶದಲ್ಲಿ ಗುಮಾಸ್ತರಾಗಿದ್ದವರ, ವಕೀಲರ, ಹತ್ತಿ ವ್ಯಾಪಾರಿಗಳ, ಮಿಷನ್ ಶಾಲೆಯಲ್ಲಿ ಕಲಿಸಿದವರ ಮನೆಗಳಲ್ಲಿ ಹಳೆ ಟ್ರಂಕಿನ ತಳ ನೋಡಿ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಕಡೆ ಯಾರಿಗಾದರೂ ಅಂಥದ್ದು ಸಿಕ್ಕರೆ ಅಂಚೆಚೀಟಿ ಕಿತ್ತುಕೊಂಡು ಕವರು ಬಿಸಾಡಬೇಡಿ. ಕವರು ಹಾಗೆಯೇ ಇರಲಿ, ಗುಜರಿಯವನ ಕೈಗಂತೂ ಹೋಗದಿರಲಿ. ಮೋಕದಲ್ಲಿ ಟಪಾಲಿನ ಮಾವನ ಮನೆ ಎಲ್ಲಿ ಅಂದರೆ ಬಸ್‌ ಸ್ಟ್ಯಾಂಡಿನಲ್ಲಿ ಯಾರು ಬೇಕಾದರೂ ತೋರಿಸುತ್ತಾರೆ. ಬಂದು ಅವರಿಗೊಂದು ಸಲ ತೋರಿಸಿ ಹೋಗಿ.